ಟಾಮ್ ಮೇಲೊಂದು ಕೇಸು, ಜೆರುಸಲೇಮಿನಲ್ಲೊಂದು ಕುರ್ಚಿ

12 ಜುಲೈ 2025, ಶನಿವಾರ

ಒಂಬತ್ತನೇ ತರಗತಿಯವರು ಇಂದು ಟಾಮ್ ಮತ್ತು ಜೆರ್ರಿಯ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿದರು. ಅಪರಾಧ ಮತ್ತು ಕಾನೂನಿನ ಪಾಠವೆಂದರೆ ಆಕಳಿಸುವ ಮಕ್ಕಳು ಇವತ್ತು ಬೆಂಚು ಹತ್ತುವುದೊಂದು ಬಾಕಿ. ಭಾರತೀಯ ನ್ಯಾಯ ಸಂಹಿತೆಯ ಕೆಲವು ಸೆಕ್ಷನ್‌ಗಳನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಚೀಸ್ ಕದ್ದದ್ದಕ್ಕೆ ಜೆರ್ರಿಯ ಮೇಲೆ 303 ಜಡಿದರು, ಬಾಣಲೆಯಿಂದ ಬಾರಿಸಿದ್ದಕ್ಕೆ 115, ಪಿಂಗಾಣಿ ಪುಡಿಯಾದದ್ದಕ್ಕೆ ಇಬ್ಬರ ಮೇಲೂ 324.

ಅತಿಕ್ರಮ ಪ್ರವೇಶದ 329 ಬಂದಾಗ ತರಗತಿ ಎರಡು ಹೋಳಾಯಿತು. ಮನೆಯೊಡತಿ ಸಾಕಿಕೊಂಡದ್ದು ಟಾಮನ್ನು, ಇಲಿಗೆ ಅಲ್ಲೇನು ಕೆಲಸ ಎಂದು ಒಂದು ಪಕ್ಷ. "ಸರ್, ಅದರ ಬಿಲ ಆ ಗೋಡೆಯಲ್ಲೇ ಇದೆ. ಸ್ವಂತ ಮನೆಗೆ ಹೋಗುವುದು ಅತಿಕ್ರಮವೇ?" ಎಂದು ಇನ್ನೊಂದು. ಕೊನೆಗೆ ಇಬ್ಬರ ವಕೀಲರೂ ಸೆಕ್ಷನ್ 34ಕ್ಕೇ ಬಂದು ನಿಂತರು: ಆತ್ಮರಕ್ಷಣೆಯ ಹಕ್ಕು.

ಆಗ ಒಬ್ಬ ಹುಡುಗಿ ಕೇಳಿದಳು: "ಯಾರು ಮೊದಲು ಬಂದರೋ ಮನೆ ಅವರದು ಎಂದರಾಯಿತಲ್ಲ ಸರ್? ಇಸ್ರೇಲ್, ಪ್ಯಾಲೆಸ್ಟೀನ್ ಜಗಳವೂ ಇದೇ ತಾನೇ?"

ಇದು ಅದಲ್ಲ ಎಂದೆ, ಕೊಂಚ ಗಡುಸಾಗಿಯೇ. ರೋಡ್‌ರೋಲರ್ ಹರಿದು ಚಪಾತಿಯಂತಾದ ಟಾಮ್ ಮರುಗಳಿಗೆ ಎದ್ದು ಓಡುತ್ತದೆ. ಗಾಜಾದಲ್ಲಿ ಹಾಗೆ ಯಾರೂ ಏಳುವುದಿಲ್ಲ. ಕಾರ್ಟೂನಿನ ಹೊಡೆದಾಟ ಮಕ್ಕಳನ್ನು ಕೆಡಿಸುತ್ತದೆ ಎಂದು ಗೊಣಗುವವರ ಪೈಕಿ ನಾನಲ್ಲ. ಹೊಡೆದ ಮೇಲೂ ಗಾಯವಿಲ್ಲದಿರುವುದೇ ನನಗೆ ಕಿರಿಕಿರಿ.

ಆದರೂ ಅವಳ ಪ್ರಶ್ನೆಯನ್ನು ಅಲ್ಲಿಗೇ ಬಿಡುವಂತಿರಲಿಲ್ಲ. ಜೆರುಸಲೇಮಿನ ಹಳೆಯ ನಗರದ ನಕ್ಷೆ ಬರೆದೆ. ಒಂದು ಚದರ ಕಿಲೋಮೀಟರೂ ಇಲ್ಲ. ಅದರೊಳಗೆ ಯಹೂದಿಗಳ ಪಶ್ಚಿಮ ಗೋಡೆ, ಮುಸ್ಲಿಮರ ಅಲ್ ಅಕ್ಸಾ ಮಸೀದಿ, ಯೇಸುವಿನ ಸಮಾಧಿಯೆಂದು ಕ್ರೈಸ್ತರು ನಂಬುವ ಚರ್ಚು. ನಗರವನ್ನು ಯಾರಿಗೂ ಕೊಡದೆ ಅಂತರರಾಷ್ಟ್ರೀಯ ಆಡಳಿತದಲ್ಲಿಡೋಣ ಎಂದು ವಿಶ್ವಸಂಸ್ಥೆ 1947ರಲ್ಲಿ ಹೇಳಿತು. 1948ರ ಯುದ್ಧದಲ್ಲಿ ಅದು ಇಬ್ಭಾಗವಾಯಿತು, 1967ರಲ್ಲಿ ಪೂರ್ವಭಾಗವೂ ಇಸ್ರೇಲಿನ ಕೈಸೇರಿತು. ಇಸವಿಗಳನ್ನು ಮಕ್ಕಳು ಸುಮ್ಮನೆ ಬರೆದುಕೊಂಡರು.

ಅವರ ಕಿವಿ ನಿಮಿರಿದ್ದು ಚರ್ಚಿನ ಕಥೆಗೆ. ಅಲ್ಲಿ ಆರು ಕ್ರೈಸ್ತ ಪಂಗಡಗಳ ಪಾಲುದಾರಿಕೆ. ಯಾವ ಮೂಲೆ ಯಾರದು ಎಂಬುದಕ್ಕೆ 1852ರಲ್ಲಿ, ಆಗ ಅಲ್ಲಿ ಆಳುತ್ತಿದ್ದ ತುರ್ಕಿಯ ಆಟೊಮನ್ ಸುಲ್ತಾನನ ಫರ್ಮಾನಿನ ಮುದ್ರೆ ಬಿದ್ದಿದೆ. ಮುಂಬಾಗಿಲ ಮೇಲಿನ ಕಿಟಕಿಗೆ ಒರಗಿಸಿದ ಮರದ ಏಣಿಯನ್ನು ತೆಗೆಯಬೇಕೆಂದರೂ ಎಲ್ಲರ ಒಪ್ಪಿಗೆ ಬೇಕು. ಹಾಗಾಗಿ ಅದು ಇನ್ನೂ ಅಲ್ಲೇ ಇದೆ. ಬೀಗದ ಕೈ ಒಂದು ಮುಸ್ಲಿಂ ಮನೆತನದ ಬಳಿ, ಬಾಗಿಲು ತೆರೆಯುವುದು ಮತ್ತೊಂದು ಮುಸ್ಲಿಂ ಮನೆತನದ ಕೆಲಸ. 2002ರ ಬೇಸಿಗೆಯಲ್ಲಿ ಚಾವಣಿಯ ಮೇಲಿದ್ದ ಕಾಪ್ಟಿಕ್ (ಈಜಿಪ್ಟ್ ಮೂಲದ ಕ್ರೈಸ್ತ ಪಂಗಡ) ಸನ್ಯಾಸಿಯೊಬ್ಬರು ಬಿಸಿಲು ತಾಳದೆ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡರು. ಅದು ತಮ್ಮ ಜಾಗ ಕಬಳಿಸುವ ಹುನ್ನಾರವೆಂದು ಇಥಿಯೋಪಿಯಾದ ಸನ್ಯಾಸಿಗಳಿಗೆ ತೋರಿತು. ಹೊಡೆದಾಟವಾಗಿ 11 ಮಂದಿ ಆಸ್ಪತ್ರೆ ಸೇರಿದರು.

"ಎಲ್ಲರೂ ಯೇಸುವಿನ ಭಕ್ತರೇ ಅಲ್ಲವೇ ಸರ್?" ಎಂದಳು ಅದೇ ಹುಡುಗಿ. ಮೊದಲು ಬಂದವರು ಯಾರು ಎಂದು ಮತ್ತೆ ಕೇಳಲಿಲ್ಲ.

ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬ, "ಸರ್, ಹಾಗಾದರೆ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ?" ಎಂದ. ದತ್ತಪೀಠವೂ ದರ್ಗಾವೂ ಅಲ್ಲೇ ಇರುವ ವಿಷಯ ಅವನಿಗೆ ಗೊತ್ತು, ಗೊತ್ತಿದ್ದೇ ಕೇಳಿದ. ಸೋಮವಾರ ಎತ್ತಿಕೊಳ್ಳೋಣ ಎಂದಿದ್ದೇನೆ. ಅದಕ್ಕೆ ಮುಂಚೆ ಮುಖ್ಯೋಪಾಧ್ಯಾಯರ ಕಿವಿಗೆ ಹಾಕಿಡಬೇಕು.