ನಿಮ್ಮವರು ಏನನ್ನುತ್ತಾರೆ?

(2024ರ ನವೆಂಬರ್ 5ರ ಚುನಾವಣೆಗೆ ಮುಂಚಿನ ವಾರ ಬರೆದದ್ದು.)

ಭಾನುವಾರ ಮಧ್ಯಾಹ್ನ ಕೇಳಿದ ಒಂದು ಪ್ರಶ್ನೆ ಈ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಕೇಳಿದವರು ಕ್ಯಾಲಿಫೋರ್ನಿಯಾದ ಓಕ್ಲೆಂಡಿನ ಒಬ್ಬ ಹಿರಿಯ ಕಪ್ಪು ಮಹಿಳೆ. ಆಗಷ್ಟೇ ಚರ್ಚಿನಿಂದ ಬಂದಿದ್ದರು. ತಲೆಯ ಮೇಲಿನ ನೇರಳೆ ಟೋಪಿಯನ್ನು ಇನ್ನೂ ತೆಗೆದಿರಲಿಲ್ಲ.

ಮುಂದಿನ ಮಂಗಳವಾರದ ಮತಪತ್ರದಲ್ಲಿ, ಮತದಾರರೇ ನೇರವಾಗಿ ತೀರ್ಮಾನಿಸುವ ಪ್ರಸ್ತಾಪಗಳ ಪೈಕಿ, ಮೂರನೆಯ ಪ್ರಸ್ತಾಪವೂ ಇದೆ. ಗಂಡು ಹೆಣ್ಣಿನ ನಡುವಿನ ಮದುವೆಗೆ ಮಾತ್ರ ಮಾನ್ಯತೆ ಎಂಬ ಸಾಲನ್ನು 2008ರ ಎಂಟನೆಯ ಪ್ರಸ್ತಾಪ ಕ್ಯಾಲಿಫೋರ್ನಿಯಾದ ಸಂವಿಧಾನಕ್ಕೆ ಸೇರಿಸಿತ್ತು. ನ್ಯಾಯಾಲಯದ ತೀರ್ಪುಗಳಿಂದ ಅದಕ್ಕೀಗ ಬಲವಿಲ್ಲ, ಆದರೆ ಅಕ್ಷರಗಳು ಹಾಗೆಯೇ ಉಳಿದಿವೆ. ಅದನ್ನು ಅಳಿಸಿ ಎಂದು ಕೇಳಲು ನಾನು ಮನೆ ಮನೆಯ ಬಾಗಿಲು ತಟ್ಟುತ್ತಿದ್ದೆ.

ನಮಗೆ ಹೇಳಿಕೊಟ್ಟದ್ದು ಇಷ್ಟೇ: ವಾದಕ್ಕೆ ಇಳಿಯಬೇಡಿ, ನಿಮ್ಮ ಮನೆಯ ಕಥೆ ಹೇಳಿ, ಅವರದನ್ನು ಕೇಳಿಸಿಕೊಳ್ಳಿ. 2008ರಲ್ಲಿ ಸೋತವರು ಲಾಸ್ ಏಂಜಲೀಸ್‌ನಲ್ಲಿ ತಮಗೆ ಮತ ಬೀಳದ ಬಡಾವಣೆಗಳಿಗೇ ಹೋಗಿ, ಯಾಕೆ ಬೇಡವೆಂದಿರಿ ಎಂದು ಕೇಳುತ್ತ ಕೇಳುತ್ತ ಕಂಡುಕೊಂಡ ದಾರಿ ಇದು. ಇದೇ ಬಗೆಯ ಹತ್ತು ನಿಮಿಷದ ಮಾತಿನಿಂದ ಲಿಂಗಾಂತರಿಗಳ ಬಗೆಗಿನ ಪೂರ್ವಗ್ರಹ ಕಡಿಮೆಯಾಗಿ, ಆ ಬದಲಾವಣೆ ಮೂರು ತಿಂಗಳಾದರೂ ಉಳಿಯಿತೆಂದು ಮಯಾಮಿಯಲ್ಲಿ ನಡೆದ ಅಧ್ಯಯನವೊಂದು 2016ರಲ್ಲಿ ತೋರಿಸಿತು.

ನಾನು ನನ್ನ ಮಗನ ಕಥೆ ಹೇಳಿದೆ. ಮೂರು ವರ್ಷದ ಹಿಂದೆ, ಪಾತ್ರೆ ಒರೆಸುತ್ತ ನಿಂತವನು ತಟ್ಟೆಯಿಂದ ಕಣ್ಣೆತ್ತದೆ ತನ್ನ ವಿಷಯ ತಿಳಿಸಿದ್ದನ್ನು ಹೇಳಿದೆ. ಅವರು ಬಾಗಿಲ ಚೌಕಟ್ಟಿಗೆ ಒರಗಿ ಪೂರ್ತಿ ಕೇಳಿದರು. ಆಮೇಲೆ ತಮ್ಮ ಚರ್ಚಿನಲ್ಲಿ ಬಹಳ ವರ್ಷ ಆರ್ಗನ್ ನುಡಿಸಿದ ಒಬ್ಬರ ಮಾತು ತೆಗೆದರು. ಎಲ್ಲರಿಗೂ ಗೊತ್ತಿತ್ತಂತೆ, ಯಾರೂ ಆಡಲಿಲ್ಲವಂತೆ. "ಅವರು ತೀರಿಕೊಂಡಾಗ ಅವರ ಜೊತೆಗಾರನನ್ನು ನಾಲ್ಕನೆಯ ಸಾಲಿನಲ್ಲಿ ಕೂರಿಸಿದೆವು. ಮನೆಯವರ ಸಾಲಿನಲ್ಲಿ ಜಾಗವಿತ್ತು" ಎಂದರು. ಟೋಪಿಯ ಅಂಚನ್ನು ಎರಡು ಬೆರಳಲ್ಲಿ ನೇವರಿಸುತ್ತಿದ್ದರು. ಬಳಿಕ ನನ್ನ ಕಡೆ ತಿರುಗಿ, "ನಿಮ್ಮವರು ಏನನ್ನುತ್ತಾರೆ?" ಎಂದು ಕೇಳಿದರು.

ನಮ್ಮವರು ಎಂದರೆ ಯಾರು ಎಂದು ನಾನು ಕೇಳಬೇಕಿರಲಿಲ್ಲ.

ನನಗೆ ಉತ್ತರ ಹೊಳೆಯಲಿಲ್ಲ. ನಮ್ಮವರನ್ನು ನಾನು ಕೇಳಿಯೇ ಇಲ್ಲ. ಮಗನ ವಿಷಯವನ್ನು ಕಚೇರಿಯಲ್ಲಿ ಹೇಳಿದ್ದೇನೆ, ಅಪರಿಚಿತರ ಹೊಸ್ತಿಲಲ್ಲಿ ನಿಂತು ಹೇಳಿದ್ದೇನೆ, ಎಲ್ಲವೂ ಇಂಗ್ಲಿಷಿನಲ್ಲಿ. ಹದಿನೆಂಟು ವರ್ಷದಿಂದ ಒಟ್ಟಿಗೆ ಉಣ್ಣುತ್ತಿರುವ ಕನ್ನಡ ಕೂಟದಲ್ಲಿ ಒಬ್ಬರಿಗೂ ಹೇಳಿಲ್ಲ.

ಓಕ್ಲೆಂಡಿಗೆ ಹೋಗುತ್ತೇನೆ ಎಂದಾಗ ನಮ್ಮ ಕೂಟದ ಹಿರಿಯರೊಬ್ಬರು, "ಅವರು ಚರ್ಚಿನ ಜನ, ಒಪ್ಪುವುದಿಲ್ಲ. 2008ರಲ್ಲಿ ಸೋಲಿಸಿದ್ದೇ ಅವರು" ಎಂದಿದ್ದರು. ಒಳ್ಳೆಯ ಮನುಷ್ಯ, ಕಷ್ಟಕ್ಕೆ ಮೊದಲು ಓಡಿ ಬರುವವರು, ಆದರೆ ಕೇಳಿದ್ದನ್ನು ಪರೀಕ್ಷಿಸುವ ಅಭ್ಯಾಸವಿಲ್ಲ. ಕಪ್ಪು ಮತದಾರರಲ್ಲಿ ಶೇ. 70ರಷ್ಟು ಜನ ಆ ಪ್ರಸ್ತಾಪದ ಪರವಾಗಿದ್ದರು ಎಂದು ಆಗಿನ ಮತಗಟ್ಟೆ ಸಮೀಕ್ಷೆ ಹೇಳಿದ್ದು ನಿಜ. ಆಮೇಲೆ ಇಬ್ಬರು ರಾಜ್ಯಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಅದು ಶೇ. 60ಕ್ಕಿಂತ ಕೆಳಗೆ ಬಂತು. ಸಲಿಂಗಿಗಳ ಮದುವೆಗೆ ಉಳಿದವರಿಗಿಂತ ಹೆಚ್ಚಾಗಿ ಕಂಡ ವಿರೋಧಕ್ಕೂ ಬಹುಮಟ್ಟಿಗೆ ಕಾರಣವಾಗಿದ್ದುದು ಚರ್ಚಿನ ಒಡನಾಟವೇ ಹೊರತು ಬಣ್ಣವಲ್ಲ. ಆದರೂ ಆ ಮೊದಲ ಅಂಕಿಯೇ ಜನರ ಬಾಯಲ್ಲಿ ಉಳಿಯಿತು. 1963ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ನಡೆದ ವಾಷಿಂಗ್ಟನ್ನಿನ ಆ ದೊಡ್ಡ ಮೆರವಣಿಗೆಯನ್ನು ಕಟ್ಟಿ ನಿಲ್ಲಿಸಿದ ಬೇಯಾರ್ಡ್ ರಸ್ಟಿನ್ ಕಪ್ಪು ಮನುಷ್ಯ, ಸಲಿಂಗಿ ಕೂಡ. ಅದು ಮಾತ್ರ ನಮ್ಮ ಕೂಟದ ಹರಟೆಯಲ್ಲಿ ಎಂದೂ ಬಂದಿಲ್ಲ.

"ನಮ್ಮಲ್ಲಿ ಇದೆಲ್ಲ ಇಲ್ಲ" ಎನ್ನುವವರಿಗೂ ನೆನಪು ಗಿಡ್ಡ. ದಕ್ಷಿಣ ಏಷ್ಯಾದ ಸಲಿಂಗಿಗಳು ಇದೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ 1986ರಲ್ಲೇ ತ್ರಿಕೋನ್ ಸಂಘಟನೆ ಕಟ್ಟಿದರು. ಮದುವೆಗೆ ಕಾನೂನು ಅಡ್ಡ ಬರುವುದೂ ಭಾರತೀಯರಿಗೆ ಹೊಸದಲ್ಲ. ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗುವುದಕ್ಕೆ ಈ ರಾಜ್ಯದಲ್ಲಿ ಇದ್ದ ನಿಷೇಧವನ್ನು ನ್ಯಾಯಾಲಯ ತೆಗೆದುಹಾಕಿದ್ದು 1948ರಲ್ಲಿ. ಅದಕ್ಕೂ ಮೊದಲು ಇಂಪೀರಿಯಲ್ ಕಣಿವೆಯ ಪಂಜಾಬಿ ರೈತರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗಲು ಕಚೇರಿಗೆ ಹೋದಾಗ, ಗುಮಾಸ್ತರು ಎಷ್ಟೋ ಜೋಡಿಗಳಲ್ಲಿ ಇಬ್ಬರ ಬಣ್ಣವನ್ನೂ 'ಕಂದು' ಎಂದು ಬರೆದು ಪರವಾನಗಿ ಕೊಟ್ಟರು. ಆ ಒಂದು ಪದದ ಮೇಲೆ ಸಂಸಾರಗಳು ನಿಂತವು. ನನ್ನ ಮಗನ ಸಂಸಾರ ಯಾವ ಪದದ ಮೇಲೆ ನಿಲ್ಲಬೇಕು ಎಂದು ಈ ವಾರ ಮತ್ತೆ ಮತ್ತೆ ಯೋಚಿಸಿದ್ದೇನೆ. 'ಸಲಿಂಗಿ' ಪತ್ರಿಕೆಯ ಪದ. ಊಟದ ಪಂಕ್ತಿಯಲ್ಲಿ, ಒಬ್ಬ ಅಕ್ಕನ ಮುಖ ನೋಡುತ್ತ, ಅದನ್ನು ನಾನು ಎಂದೂ ಆಡಿಲ್ಲ.

ಆ ಮಹಿಳೆ ಯಾವ ಕಡೆಗೆ ಮತ ಹಾಕುತ್ತೇನೆಂದು ಹೇಳಲಿಲ್ಲ. ನಾನೂ ಒತ್ತಾಯಿಸಲಿಲ್ಲ. ನನ್ನ ಮೌನವನ್ನು ಅವರು ಕೆಡಿಸಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟರು, ನಾನು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದರು.

ಶನಿವಾರ ರಾಜ್ಯೋತ್ಸವದ ಊಟ. ಕೋಸಂಬರಿ ನನ್ನ ಪಾಲಿಗೆ ಬಂದಿದೆ. ಬಡಿಸುವಾಗ ಪಕ್ಕದಲ್ಲಿ ನಿಲ್ಲುವ ಅಕ್ಕ ಪ್ರತಿವರ್ಷದಂತೆ, "ಮಗನಿಗೆ ಹುಡುಗಿ ನೋಡುತ್ತಿದ್ದೀರಾ?" ಎಂದು ಕೇಳಿಯೇ ಕೇಳುತ್ತಾರೆ. ನಿನ್ನೆ ರಾತ್ರಿ ಹೆಸರುಬೇಳೆ ಅಳೆದಿಡುತ್ತ ಒಬ್ಬಳೇ ಗಟ್ಟಿಯಾಗಿ ಹೇಳಿ ನೋಡಿದೆ: "ಇಲ್ಲ ಅಕ್ಕ, ಅವನಿಗೆ ಜೊತೆ ಸಿಕ್ಕಿದೆ. ಆ ಹುಡುಗ ಬಹಳ ಒಳ್ಳೆಯವನು." ಮೊದಲ ಸಲ ಗಂಟಲು ಕಟ್ಟಿತು. ಮೂರನೆಯ ಸಲಕ್ಕೆ ಮಾತು ಪೂರ್ತಿ ಹೊರಬಂತು.