ಒದ್ದೆ ಗೋಡೆಯ ವ್ಯವಹಾರ

ಚಿಕ್ಕಮಗಳೂರು, 25 ಜೂನ್ 2025, ಬುಧವಾರ

ನೀರು, ಬೆಂಕಿಯಿಂದ ಹಾನಿಗೊಂಡ ಕಟ್ಟಡಗಳನ್ನು ಒಣಗಿಸಿ, ಶುಚಿಗೊಳಿಸಿ, ಮತ್ತೆ ಬಳಕೆಗೆ ತಂದುಕೊಡುವ ಕಂಪನಿಯೊಂದರ ಫ್ರಾಂಚೈಸಿಯನ್ನು, ಅಂದರೆ ಅದರ ಹೆಸರು ಮತ್ತು ವಿಧಾನದಲ್ಲಿ ವ್ಯವಹಾರ ನಡೆಸುವ ಹಕ್ಕನ್ನು, ನಮ್ಮ ಜಿಲ್ಲೆಗೆ ತೆಗೆದುಕೊಳ್ಳುವ ವಿಚಾರವಿದ್ದು, ಅವರು ಕಳುಹಿಸಿದ ಕರಾರಿನ ಕರಡನ್ನು ಇಂದು ಪೂರ್ತಿ ಓದಿದೆ. ಅರ್ಧ ಬಂಡವಾಳ ಹಾಕಲು ಭಾವನವರು ಸಿದ್ಧರಿದ್ದಾರೆ. ಮಲೆನಾಡಿನಲ್ಲಿ ಮಳೆಗೆ ಬರವಿಲ್ಲ, ಆದ್ದರಿಂದ ಕೆಲಸಕ್ಕೂ ಬರವಿರದು ಎಂಬುದು ಅವರ ವಾದ.

ಮಳೆಯ ಮಾತು ನಿಜ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆಯ ಕಡೆ ಗುಡ್ಡಗಳೇ ಜರಿದಿದ್ದವು. ಆದರೆ ಹಣ ಕೊಡುವವರು ಯಾರು? ಈ ಉದ್ಯಮ ಬೇರೂರಿರುವ ಅಮೆರಿಕದಲ್ಲಿ ಗೃಹಸಾಲ ಕೊಡುವವರು ಮನೆಗೆ ವಿಮೆ ಇರಲೇಬೇಕೆಂದು ಕೇಳುತ್ತಾರೆ. ಪೈಪು ಒಡೆದು ನೆಲ ನೆನೆದರೆ ಬಿಲ್ಲಿನ ಹೆಚ್ಚಿನ ಪಾಲು ವಿಮಾ ಕಂಪನಿಯಿಂದಲೇ ಬರುತ್ತದೆ. ನಮ್ಮಲ್ಲಿಯೂ 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿ ಇದೆ, ಪ್ರವಾಹವೂ ಭೂಕುಸಿತವೂ ಅದರ ವ್ಯಾಪ್ತಿಗೆ ಬರುತ್ತವೆ. ಆದರೂ ಕೊಪ್ಪ, ಕಳಸದ ನನ್ನ ಪರಿಚಯದ ಹೆಂಚಿನ ಮನೆಗಳಲ್ಲಿ ಅದನ್ನು ಮಾಡಿಸಿದವರನ್ನು ನಾನು ಕಂಡಿಲ್ಲ. ಗೋಡೆ ಒದ್ದೆಯಾದರೆ ದೀಪಾವಳಿಯ ಹೊತ್ತಿಗೆ ಸುಣ್ಣ ಬಳಿದರಾಯಿತು ಎನ್ನುವವರೇ ಹೆಚ್ಚು. ಬಿಸಿಲು ಬಿಲ್ಲು ಕಳಿಸುವುದಿಲ್ಲವಷ್ಟೆ.

ಕೆಲಸದಲ್ಲಿ ಹುರುಳಿಲ್ಲವೆಂದಲ್ಲ. ನೆನೆದ ಮರ, ಜಿಪ್ಸಮ್ ಹಲಗೆ, ಹಾಸಿಗೆಗಳನ್ನು ಒಂದೆರಡು ದಿನಗಳೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯತೊಡಗುತ್ತದೆ, ಮತ್ತು ಆರಿದ್ರಾ ಮಳೆ ಹಿಡಿದು ಕುಳಿತಿರುವಾಗ ಕಿಟಕಿ ತೆರೆದು ಫ್ಯಾನು ಹಾಕಿದರೆ ಹೊರಗಿನ ತೇವವನ್ನೇ ಒಳಗೆ ಕರೆದಂತಾಗುತ್ತದೆ. ಕೋಣೆಯನ್ನು ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಯಂತ್ರ ಇಟ್ಟು, ಗೋಡೆಯ ತೇವಾಂಶವನ್ನು ಮೀಟರಿನಲ್ಲಿ ಅಳೆಯುತ್ತ ಹಗಲಿರುಳು ಯಂತ್ರ ಓಡಿಸಬೇಕು. ಗಾಳಿಮಳೆಗೆ ಕರೆಂಟು ಹೋಗುವ ಊರುಗಳಲ್ಲಿ ಇದಕ್ಕೆ ಜನರೇಟರ್ ಬೇಕೇ ಬೇಕು. ಕಂಪನಿಯ ಖರ್ಚಿನ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ.

ಹೆಸರು ಬಳಸುವುದಕ್ಕೆ ಕಂಪನಿಗೆ ತೆರಬೇಕಾದ ಪಾಲನ್ನು, ಅಂದರೆ ರಾಯಲ್ಟಿಯನ್ನು, ಲಾಭದ ಮೇಲಲ್ಲ, ಒಟ್ಟು ವಹಿವಾಟಿನ ಮೇಲೆ ಕೇಳಿದ್ದಾರೆ. ಒಂದು ಲಕ್ಷ ರೂಪಾಯಿಯ ಕೆಲಸದಲ್ಲಿ 20,000 ಉಳಿಯುತ್ತದೆ ಎಂದುಕೊಂಡರೆ, ಶೇ. 10ರ ರಾಯಲ್ಟಿ ಆ ಉಳಿಕೆಯ ಅರ್ಧವನ್ನೇ ಒಯ್ಯುತ್ತದೆ. ವಿಮಾ ಕಂಪನಿಗಳು ಹೆಸರು ನೋಡಿ ಕೆಲಸ ಕಳುಹಿಸುವ ಕಡೆ ಆ ಹೆಸರಿಗೆ ಇಷ್ಟು ತೆರಬಹುದು. ಇಲ್ಲಿ ಗಿರಾಕಿಗಳಾಗಬಹುದಾದ ಹೋಮ್‌ಸ್ಟೇ, ರೆಸಾರ್ಟಿನವರು ಪರಿಚಯದ ಮೇಲೆ ಕರೆಯುವವರು. ಯಂತ್ರಗಳಂತೂ ಪೇಟೆಯಲ್ಲಿ ಯಾರಿಗೂ ಸಿಗುತ್ತವೆ.

ಅಮೆರಿಕದಲ್ಲಿ ಸಹಿಗೆ ಕನಿಷ್ಠ 14 ದಿನ ಮೊದಲೇ, ಫ್ರಾಂಚೈಸಿ ಬಿಟ್ಟುಹೋದವರ ವಿವರವೂ ಸೇರಿದ ದಾಖಲೆಯನ್ನು ಕೊಡಬೇಕೆಂಬ ನಿಯಮವಿದೆ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲದ ಕಾರಣ ಕೇಳುವ ಹೊಣೆ ನಮ್ಮದೇ. ಆದ್ದರಿಂದ ಬಿಟ್ಟವರ ಪಟ್ಟಿ, ಮಳೆಗಾಲ ಮತ್ತು ಬೇಸಿಗೆಯ ವಹಿವಾಟಿನ ಪ್ರತ್ಯೇಕ ಲೆಕ್ಕ, ಜನರೇಟರ್ ಸೇರಿಸಿದ ಖರ್ಚು, ಇಷ್ಟು ಬರವಣಿಗೆಯಲ್ಲಿ ಬರುವವರೆಗೆ ಮುಂಗಡ ಕೊಡುವುದಿಲ್ಲವೆಂದು ಸಂಜೆ ಪತ್ರ ಕಳುಹಿಸಿದೆ. ಭಾವನವರಿಗೆ ಸ್ವಲ್ಪ ಬೇಸರವಾಗಿದೆ. ಆದರೂ ಈ ಮಳೆಗಾಲಕ್ಕೆ ಎರಡು ಯಂತ್ರಗಳನ್ನು ಬಾಡಿಗೆಗೆ ತಂದು, ಗುರುತಿನ ಹೋಮ್‌ಸ್ಟೇಗಳಲ್ಲಿ ನಾವೇ ಮಾಡಿ ನೋಡೋಣವೆಂದಾಗ ಬೇಡವೆನ್ನಲಿಲ್ಲ.