ಮೊದಲ ಹಿಮ ತೆಳುವಾಗಿದ್ದಷ್ಟೂ ಎಚ್ಚರ ಬೇಕು

ಡಿಸೆಂಬರ್ ರಜೆಯಲ್ಲಿ ಹಿಮಾಲಯದ ಚಾರಣಕ್ಕೆಂದು ಕೇದಾರಕಂಠಕ್ಕೋ ಕುವಾರಿ ಪಾಸ್‌ಗೋ ಹೊರಡುವ ಮೈಸೂರಿನ ಹುಡುಗ ಹುಡುಗಿಯರು ತಿಂಗಳುಗಳ ಮೊದಲೇ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಲ್ಲಿ ಅಭ್ಯಾಸ ಆರಂಭಿಸುತ್ತಾರೆ. ಶೂ, ಜಾಕೆಟ್, ಉಸಿರಾಟದ ಬಗ್ಗೆ ಅವರಿಗೆ ಸಾಕಷ್ಟು ತಿಳಿದಿರುತ್ತದೆ. ಹಿಮಕುಸಿತದ ಮಾತೆತ್ತಿದರೆ ಮಾತ್ರ, "ಆಗಿನ್ನೂ ಹಿಮವೇ ಹೆಚ್ಚು ಬಿದ್ದಿರಲ್ಲವಲ್ಲ ಸಾರ್" ಎನ್ನುತ್ತಾರೆ. ನನ್ನನ್ನು ಚಿಂತೆಗೀಡುಮಾಡುವುದು ಈ ನಂಬಿಕೆಯೇ.

ಚಳಿಗಾಲದ ಆರಂಭದಲ್ಲಿ ಎತ್ತರದ ಇಳಿಜಾರುಗಳ ಮೇಲೆ ಹಿಮ ಕೆಲವೊಮ್ಮೆ ಒಂದೆರಡು ಅಡಿ ಮಾತ್ರ ಇರುತ್ತದೆ. ಅದರಡಿಯ ನೆಲ ಬೇಸಿಗೆಯ ಶಾಖವನ್ನು ಉಳಿಸಿಕೊಂಡು ಸುಮಾರು 0 ಡಿಗ್ರಿಯಲ್ಲಿದ್ದರೆ, ಹಿಮದ ಮೇಲ್ಮೈ ಮೋಡವಿಲ್ಲದ ರಾತ್ರಿಗಳಲ್ಲಿ ಅದಕ್ಕಿಂತ ಬಹಳ ಕೆಳಗಿಳಿಯುತ್ತದೆ. ಈ ವ್ಯತ್ಯಾಸ 10 ಸೆಂಟಿಮೀಟರ್ ದಪ್ಪಕ್ಕೆ 1 ಡಿಗ್ರಿಯನ್ನು ಮೀರಿತೆಂದರೆ, ಕೆಳಗಿನಿಂದ ಮೇಲಕ್ಕೇರುವ ನೀರಾವಿಯು ಒಂದಕ್ಕೊಂದು ಅಂಟಿಕೊಂಡಿದ್ದ ಹಿಮಕಣಗಳನ್ನು ಕೋನಗಳುಳ್ಳ ಬಿಡಿ ಹರಳುಗಳನ್ನಾಗಿ ಮಾರ್ಪಡಿಸುತ್ತದೆ. ಮಂಡ್ಯದ ಸಕ್ಕರೆಯನ್ನು ಮುಷ್ಟಿಯಲ್ಲಿ ಎಷ್ಟು ಒತ್ತಿದರೂ ಉಂಡೆಯಾಗದು. ಈ ಹರಳುಗಳ ಗುಣವೂ ಅದೇ. ಹಿಮ ತೆಳುವಾಗಿದ್ದಷ್ಟೂ ಈ ಬದಲಾವಣೆ ಬೇಗ ನಡೆಯುತ್ತದೆ, ಮತ್ತು ಬಿಸಿಲು ಕಡಿಮೆ ಸೋಕುವ ಉತ್ತರ ದಿಕ್ಕಿನ ಇಳಿಜಾರುಗಳಲ್ಲಿ ಈ ದುರ್ಬಲ ಪದರ ವಾರಗಟ್ಟಲೆ ಉಳಿಯುತ್ತದೆ. ಮುಂದಿನ ಹಿಮಪಾತ ಅದರ ಮೇಲೆ ಬಿದ್ದು, ಗಾಳಿಗೆ ಬಿಗಿದು ಗಟ್ಟಿಯಾದ ಬಳಿಕ, 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬರೇ ಒಬ್ಬರು ಕಾಲಿಟ್ಟರೂ ಅಡಿಯ ಹರಳುಗಳು ಕುಸಿದು ಮೇಲಿನ ಪದರವಿಡೀ ಜಾರಬಹುದು. ಕಾಲಡಿಯಲ್ಲಿ ದೊಪ್ಪನೆ ಸದ್ದಾದರೆ, ಹೆಜ್ಜೆಯಿಂದ ಬಿರುಕು ಮುಂದಕ್ಕೆ ಓಡಿದರೆ, ಆ ಇಳಿಜಾರಿನಿಂದ ಹಿಂದಿರುಗಲೇಬೇಕು.

ಇದು ಅನನುಭವಿಗಳ ಸಮಸ್ಯೆಯೆಂದೂ ಭಾವಿಸುವಂತಿಲ್ಲ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ-2 ಶಿಖರದ ಬಳಿ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತಂಡ ಹಿಮಕುಸಿತಕ್ಕೆ ಸಿಲುಕಿ 27 ಮಂದಿಯ ಶವಗಳು ದೊರೆತವು. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಏರಿದ್ದ ಬೋಧಕಿ ಸವಿತಾ ಕಂಸ್ವಾಲ್ ಅವರೂ ಮಡಿದವರಲ್ಲಿ ಒಬ್ಬರು.

ಹಿಮದಡಿ ಹೂತವರು ಬದುಕುಳಿಯುವ ಸಾಧ್ಯತೆ ಮೊದಲ 15 ನಿಮಿಷಗಳ ನಂತರ ತೀವ್ರವಾಗಿ ಕುಸಿಯುವುದರಿಂದ, ಹೊರಗಿನ ರಕ್ಷಣಾ ತಂಡವನ್ನು ಕಾಯುವುದಕ್ಕೆ ಅವಕಾಶವೇ ಇರುವುದಿಲ್ಲ; ಜೊತೆಗಿರುವವರೇ ಹುಡುಕಿ ಅಗೆಯಬೇಕು. ಆದ್ದರಿಂದ ಕಡಿದಾದ ಹಿಮದ ಇಳಿಜಾರನ್ನು ದಾಟುವ ಚಾರಣವಾದರೆ, ಹಣ ಕಟ್ಟುವ ಮುನ್ನವೇ ಆಯೋಜಕರನ್ನು ಕೇಳಿ: ದಾರಿ ಯಾವ ಇಳಿಜಾರುಗಳ ಕೆಳಗೆ ಹಾಯುತ್ತದೆ, ಪ್ರತಿಯೊಬ್ಬರಿಗೂ ಟ್ರಾನ್ಸಿವರ್ (ಹೂತವರನ್ನು ಪತ್ತೆಹಚ್ಚಲು ನೆರವಾಗುವ ರೇಡಿಯೊ ಸಾಧನ), ಹಿಮದೊಳಗೆ ಚುಚ್ಚಿ ನೋಡುವ ಶೋಧ ಕಡ್ಡಿ, ಸಲಿಕೆ ಕೊಡುತ್ತಾರೆಯೇ, ಅವುಗಳನ್ನು ಬಳಸುವ ತರಬೇತಿ ಯಾವಾಗ, ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಮುನ್ನೆಚ್ಚರಿಕೆಯನ್ನು ನೋಡಿ ದಾರಿ ಬದಲಿಸುವ ಅಧಿಕಾರ ಮಾರ್ಗದರ್ಶಕರಿಗೆ ಇದೆಯೇ ಎಂದು.